ಮಿರಜಿನಲ್ಲಿ ಕೊಳ್ಳದ ತಂಬೂರಿ

ಹೋದ ತಿಂಗಳು ಒಂದು ರವಿವಾರ ಮಧ್ಯಾಹ್ನ ನನ್ನ ತಂಗಿಯ ಮಗಳು ಕೊಂಢವಾದ ನಮ್ಮ ಮನೆಗೆ ಬಂದಳು. ಬೆನ್ನ ಮೇಲೆ ಎಂದಿನಂತೆ ಕರಿಯ ಚೀಲವಿತ್ತು. ಆದರೆ ಎಂದಿನಂತೆ ಅದು ಬಾಗಿಲ ಚೌಕಟ್ಟಿಗೆ ಬಡಿಯಲಿಲ್ಲ. ಆ ಸದ್ದು ಕೇಳಿದರೆ ಅವಳು ಬಂದಳೆಂದು ತಿಳಿದು ಒಳಗೆ ಚಹಕ್ಕೆ ನೀರಿಡುವುದು ನಮ್ಮ ಮನೆಯ ಪದ್ಧತಿ. ಅಂದು ಸದ್ದೂ ಆಗಲಿಲ್ಲ, ಚಹವೂ ತಡವಾಯಿತು.

"ಏನವಾ, ನಮ್ಮ ಬಾಗಲಾ ದೊಡ್ಡದಾತೋ, ನೀ ಸಣ್ಣಾಕಿ ಆದಿಯೋ?" ಎಂದು ಕೇಳಿದೆ.

"ಎರಡೂ ಅಲ್ರೀ ಮಾಮಾ, ಗಿಟಾರ ಸಣ್ಣದಾತು," ಎಂದಳು. ನಕ್ಕಳು ನಿಜ, ಆದರೆ ಮನಸ್ಸಿನಿಂದ ಬಂದ ನಗುವಲ್ಲ ಅದು.

ಓದುಗರಿಗೆ ಸ್ವಲ್ಪ ಹಿಂದಿನ ಸಂಗತಿ ಹೇಳಬೇಕು. ಈ ಹುಡುಗಿ ವಾರಕ್ಕೆ ಐದು ದಿನ ಕಂಪ್ಯೂಟರಿನ ಕಚೇರಿಯಲ್ಲಿ ದುಡಿಯುತ್ತಾಳೆ. ಶನಿವಾರ, ರವಿವಾರ ನಾಲ್ವರು ಗೆಳೆಯರೊಡನೆ ಕೂಡಿ ಮದುವೆಯ ಆರತಕ್ಷತೆ, ಹೋಟೆಲು, ಕಾಲೇಜಿನ ಸಮಾರಂಭಗಳಲ್ಲಿ ಬೇಸ್ ಗಿಟಾರು ಬಾರಿಸುತ್ತಾಳೆ. ಬೇಸ್ ಗಿಟಾರೆಂದರೆ ನಾಲ್ಕು ದಪ್ಪ ತಂತಿಗಳ, ತಗ್ಗಿನ ದನಿಯ ವಾದ್ಯ. ಕೇಳುವವರ ಲಕ್ಷ್ಯ ಹಾಡುವವನ ಮೇಲಿರುತ್ತದೆ, ಇದರ ಕಡೆಗೆ ಯಾರೂ ನೋಡುವುದಿಲ್ಲ. ಆದರೆ ಇದು ನಿಂತರೆ ಹಾಡಿನ ಕೆಳಗಿನ ನೆಲವೇ ಕುಸಿದಂತಾಗುತ್ತದೆ. ನಮ್ಮ ಗಾಯನದಲ್ಲಿ ತಂಬೂರಿಗೆ ಯಾವ ಸ್ಥಾನವೋ, ಅವರ ಮೇಳದಲ್ಲಿ ಇದಕ್ಕೆ ಹೆಚ್ಚು ಕಡಿಮೆ ಅದೇ ಸ್ಥಾನ ಎನ್ನಬಹುದು.

ಒಂದು ವರ್ಷದಿಂದ ಅವಳಿಗೆ ಎಡಗೈ ಮಣಿಕಟ್ಟು ನೋಯುತ್ತಿತ್ತು. ಕಚೇರಿಯಲ್ಲಿ ದಿನವಿಡೀ ಕೀಲಿಮಣೆ, ಸಂಜೆ ಈ ವಾದ್ಯ. ಡಾಕ್ಟರರು ವಿಶ್ರಾಂತಿ ಹೇಳಿದರು. ವಿಶ್ರಾಂತಿ ಮುಗಿದು ಮತ್ತೆ ಬಾರಿಸಿದರೆ ಮತ್ತೆ ನೋವು. "ಸಾಕು, ಬಿಟ್ಟಬಿಡತೀನಿ" ಎಂದು ಮನೆಯಲ್ಲಿ ಹೇಳಿಯೂ ಆಗಿತ್ತು. ಆಗ ಅವಳ ಪರಿಚಯದ ಹಿರಿಯ ವಾದಕರೊಬ್ಬರು ತಮ್ಮಲ್ಲಿದ್ದ ಗಿಡ್ಡ ಅಳತೆಯ ಬೇಸನ್ನು ನಾಲ್ಕು ವಾರ ಬಾರಿಸಿ ನೋಡೆಂದು ಕೊಟ್ಟರು. ಕೈ ಸಡಿಲಾಯಿತು, ನೋವು ಇಳಿಯಿತು. ಅವಳು ತನ್ನ ಉಳಿತಾಯದಿಂದ ಅಂಥದನ್ನೇ ಒಂದು ಕೊಂಡಳು.

ಸಂತೋಷದ ಮಾತಲ್ಲವೇ? ಆದರೆ ಮೇಳದ ಗೆಳೆಯರು ಅದನ್ನು ನೋಡಿ, ಇದು ಮಕ್ಕಳ ಆಟಿಗೆ, ಕಲಿಯುವವರ ಸಾಮಾನು ಎಂದು ನಕ್ಕರಂತೆ. ಮುಂದಿನ ಶನಿವಾರ ದೊಡ್ಡ ಕಾರ್ಯಕ್ರಮವಿತ್ತು. ಹಳೆಯ ದೊಡ್ಡದನ್ನೇ ತಾ ಎಂದು ಒತ್ತಾಯ ಬೇರೆ.

"ಮಾಮಾ, ನೀವ ಹೇಳ್ರಿ. ಇದನ್ನ ತಗೊಂಡು ನಿಂತ್ರ ಜನಾ ನಗ್ತಾರೇನು?"

ನನಗೆ ಕೂಡಲೆ ಉತ್ತರ ಹೇಳಲಾಗಲಿಲ್ಲ. ಇದೇ ಪ್ರಶ್ನೆಯನ್ನು ಐವತ್ತು ವರ್ಷದ ಹಿಂದೆ ಅವಳ ತಾಯಿ ನನ್ನನ್ನು ಕೇಳಿದ್ದಳು. ಆಗ ನಾನು ಕೊಟ್ಟ ಉತ್ತರ ತಪ್ಪಾಗಿತ್ತು.

೧೯೭೪ರ ಮಾತು. ತಂದೆಯವರು ತೀರಿಕೊಂಡಿದ್ದರು. ನನಗೆ ಪುಣೆಯಲ್ಲಿ ನೌಕರಿ ಸಿಕ್ಕಿತ್ತು. ತಾಯಿ, ತಂಗಿಯರನ್ನು ಕರೆದುಕೊಂಡು ಧಾರವಾಡದಿಂದ ಹೊರಟೆ. ಆಗ ಹುಬ್ಬಳ್ಳಿಯ ಕಡೆಯಿಂದ ಬರುವ ನಾವು ಮಿರಜಿನಲ್ಲಿ ಮೀಟರ್ ಗೇಜಿನ ಗಾಡಿ ಇಳಿದು ಬ್ರಾಡ್ ಗೇಜಿನ ಗಾಡಿ ಹತ್ತಬೇಕಾಗಿತ್ತು. ನಮ್ಮ ಜೊತೆಯಲ್ಲಿ ಟ್ರಂಕು, ಹಾಸಿಗೆ, ಹಿತ್ತಾಳೆಯ ಪಾತ್ರೆಗಳಲ್ಲದೆ ತಂದೆಯವರ ದೊಡ್ಡ ತಂಬೂರಿಯೂ ಇತ್ತು. ಮುಂದಿನ ಗಾಡಿಗೆ ನಾಲ್ಕು ತಾಸು ಹೊತ್ತಿತ್ತು. ತಾಯಿಯನ್ನು ಸಾಮಾನಿನ ಹತ್ತಿರ ಕೂಡ್ರಿಸಿ, ಹದಿನಾಲ್ಕು ವರ್ಷದ ತಂಗಿಯನ್ನು ಕರೆದುಕೊಂಡು ಊರು ನೋಡಲು ಹೋದೆ.

ಮಿರಜವೆಂದರೆ ತಂತಿವಾದ್ಯಗಳ ತವರು. ಹತ್ತೊಂಬತ್ತನೆಯ ಶತಮಾನದಿಂದ ಅಲ್ಲಿ ಸಿತಾರ, ತಂಬೂರಿ ಮಾಡುವ ಮನೆತನಗಳಿವೆ. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ನೆಲೆಸಿದ್ದು ಆ ಊರಿನಲ್ಲಿಯೇ. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಇವರ ಶಿಷ್ಯರು ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿ. ನಮ್ಮ ಕಡೆಯ ಸಂಗೀತದ ಬಳ್ಳಿ ಹಬ್ಬಿದ್ದು ಆ ದಾರಿಯಿಂದಲೇ. ವಾದ್ಯ ಮಾಡುವವರ ಓಣಿಯಲ್ಲಿ ಸೋರೆಬುರುಡೆಗಳನ್ನು ಸಾಲಾಗಿ ತೂಗುಹಾಕಿದ್ದರು. ಒಂದು ಅಂಗಡಿಯಲ್ಲಿ ಹೆಂಗಸರಿಗಾಗಿ ಮಾಡಿದ ಸಣ್ಣ ತಂಬೂರಿ ಇತ್ತು. ತಂಗಿ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಮೀಟಿದಳು. ಆಮೇಲೆ ನನ್ನ ಮುಖ ನೋಡಿದಳು.

"ಅಣ್ಣಾ, ಇದು ನನ್ನ ದನಿಗೆ ಕೂಡತದ. ತಗೊಂಡ್ರ ಜನಾ ನಗ್ತಾರೇನು?"

ನನ್ನ ಕಿಸೆಯಲ್ಲಿ ಹಣ ಇರಲಿಲ್ಲವೆಂದಲ್ಲ, ಮುಂಗಡವಾಗಿ ಕೊಡುವಷ್ಟಿತ್ತು. ಆದರೆ ನನ್ನ ತಲೆಯಲ್ಲಿ ಸಂಗೀತವೆಂದರೆ ಭೀಮಸೇನರ ಹಿಂದೆ ನಿಂತ ಎರಡು ದೊಡ್ಡ ತಂಬೂರಿಗಳು. "ಅಪ್ಪನ ತಂಬೂರಿ ಇದ್ದಾಗ ಈ ಆಟಿಗಿ ಯಾಕ? ಗಂಗೂಬಾಯಿಯವರು ಗಂಡಸರ ಹಾಂಗ ತಗ್ಗಿನ ದನಿಯೊಳಗ ಹಾಡೂದಿಲ್ಲೇನು?" ಎಂದೆ. ಅವಳು ತಂಬೂರಿಯನ್ನು ಮೆಲ್ಲಗೆ ಕೆಳಗಿಟ್ಟಳು.

ಗಂಗೂಬಾಯಿಯವರ ದನಿ ಗಂಟಲಿನ ಚಿಕಿತ್ಸೆಯ ತರುವಾಯ ಗಡುಸಾದದ್ದು. ಆ ದನಿ ಅವರದಾಗಿತ್ತು, ಅದಕ್ಕೆ ಕೂಡುವ ಶ್ರುತಿಯೂ ಅವರದಾಗಿತ್ತು. ನನ್ನ ತಂಗಿಯ ದನಿ ಬೇರೆ. ಗಂಡಸರ ತಂಬೂರಿಯನ್ನು ಸಾಮಾನ್ಯವಾಗಿ ಕಾಳೀ ಒಂದರ ಆಸುಪಾಸಿಗೆ ಕೂಡಿಸುತ್ತಾರೆ, ಹೆಂಗಸರದನ್ನು ಕಾಳೀ ನಾಲ್ಕು, ಐದರ ಆಸುಪಾಸಿಗೆ. ಅಷ್ಟು ಏರಿಸಲೆಂದೇ ಹೆಂಗಸರ ತಂಬೂರಿಯ ತಂತಿ ಗಿಡ್ಡದಿರುತ್ತದೆ. ಉದ್ದ ತಂತಿಯನ್ನು ಆ ಶ್ರುತಿಗೆ ಎಳೆದರೆ ಅದು ಹರಿಯುತ್ತದೆ. ನಮ್ಮ ಮನೆಯಲ್ಲಿ ಹರಿಯಿತು, ಮೂರು ಸಲ. ಕೊನೆಗೆ ತಂಗಿ ತಂದೆಯವರ ಶ್ರುತಿಗೇ ಇಳಿದು ದನಿಯನ್ನು ಅಮುಕಿ ಹಾಡತೊಡಗಿದಳು. ತನಗಿಂತ ಎತ್ತರದ ವಾದ್ಯವನ್ನು ಹಿಡಿದು ಬಸ್ಸು ಹತ್ತಿದರೆ ಕಂಡಕ್ಟರನ ಜಗಳ. ಒಂದೂವರೆ ವರ್ಷದಲ್ಲಿ ಕ್ಲಾಸು ಬಿಟ್ಟಳು. "ಹುಡುಗಿಗೆ ಶ್ರದ್ಧಾ ಇಲ್ಲ" ಎಂದು ನಾನು ನಾಲ್ಕು ಜನರ ಮುಂದೆ ಹೇಳಿದೆ. ಅದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ.

ಆದುದರಿಂದ ಈ ಸಲ ಬಾಯಿಗೆ ಬಂದದ್ದನ್ನು ಹೇಳದೆ, ಎರಡು ದಿನ ಅವಕಾಶ ಕೇಳಿ ವಿಚಾರಿಸಿದೆ. ತಿಳಿದದ್ದನ್ನು ನಿಮ್ಮ ಮುಂದಿಡುತ್ತೇನೆ. ನಿಮ್ಮ ಮನೆಯಲ್ಲಿಯೂ ಗಿಟಾರು ಹಿಡಿಯುವ ಮಕ್ಕಳಿರಬಹುದು.

ಮೊದಲು ಈ ತಗ್ಗಿನ ದನಿಗೆ ಆಳೆತ್ತರದ ಡಬಲ್ ಬೇಸೇ ಗತಿಯಾಗಿತ್ತು. ಅದರ ತಂತಿಯ ನುಡಿಯುವ ಭಾಗವೇ ನಾಲ್ವತ್ತು ಇಂಚು ಮೀರುತ್ತದೆ. ೧೯೫೧ರಲ್ಲಿ ಅಮೇರಿಕದ ಲಿಯೋ ಫೆಂಡರ್ ಎಂಬವರು ವಿದ್ಯುತ್ತಿನ ಪ್ರಿಸಿಷನ್ ಬೇಸನ್ನು ಮಾರುಕಟ್ಟೆಗೆ ತಂದಾಗ ೩೪ ಇಂಚಿನ ಅಳತೆ ಇಟ್ಟರು. ಅದೇ ಮುಂದೆ ರೂಢಿಯಾಯಿತು. ಆದರೆ ಎರಡೇ ವರ್ಷಗಳಲ್ಲಿ, ೧೯೫೩ರಲ್ಲಿ, ಗಿಬ್ಸನ್ ಕಂಪನಿಯು ೩೦ವರೆ ಇಂಚಿನದನ್ನು ಮಾಡಿತು. ಸ್ವತಃ ಫೆಂಡರ್ ಕಂಪನಿಯೇ ೧೯೬೬ರಲ್ಲಿ ೩೦ ಇಂಚಿನ ಮಸ್ಟಾಂಗ್ ಬೇಸನ್ನು ತಂದಿತು. ಹೀಗಿರುವಲ್ಲಿ ಗಿಡ್ಡದ್ದು ನಿನ್ನೆ ಮೊನ್ನೆಯ ಆಟಿಗೆಯೆಂಬ ಮಾತು ನಿಲ್ಲುವುದಿಲ್ಲ.

ಇನ್ನು ಅದನ್ನು ಹಿಡಿದವರು ಯಾರು? ಬೀಟಲ್ಸ್ ಮೇಳದ ಪಾಲ್ ಮೆಕಾರ್ಟ್ನಿ ೧೯೬೧ರಲ್ಲಿ ಜರ್ಮನಿಯ ಹ್ಯಾಂಬುರ್ಗಿನಲ್ಲಿ ಪಿಟೀಲಿನ ಆಕಾರದ ಹೋಫ್ನರ್ ಬೇಸ್ ಕೊಂಡರು. ಅದು ೩೦ ಇಂಚಿನದೇ. ೧೯೭೨ರಲ್ಲಿ ಕಳುವಾದ ಆ ವಾದ್ಯ ಅವರಿಗೆ ಮರಳಿ ಸಿಕ್ಕ ಸುದ್ದಿ ೨೦೨೪ರಲ್ಲಿ ಜಗತ್ತಿಗೆಲ್ಲ ತಿಳಿಯಿತು. ರೋಲಿಂಗ್ ಸ್ಟೋನ್ಸ್ ಮೇಳದ ಬಿಲ್ ವೈಮನ್ನರ ಕೈ ಸಣ್ಣದು, ಆದುದರಿಂದ ಅವರು ಗಿಡ್ಡದನ್ನೇ ಆರಿಸಿಕೊಂಡರು. ಜಾಝ್ ಸಂಗೀತದಲ್ಲಿ ದೊಡ್ಡ ಹೆಸರು ಮಾಡಿದ ಸ್ಟ್ಯಾನ್ಲಿ ಕ್ಲಾರ್ಕ್ ಆಳೆತ್ತರದ ವ್ಯಕ್ತಿ, ಉದ್ದನೆಯ ಬೆರಳಿನವರು. ಆದರೂ ಅವರ ವಿದ್ಯುತ್ ಬೇಸು ಗಿಡ್ಡ ಅಳತೆಯದು.

ಕೈಗೆ ಏಕೆ ಹಗುರವೆಂಬುದಕ್ಕೆ ಲೆಕ್ಕವಿದೆ. ೩೪ ಇಂಚಿನ ಬೇಸಿನಲ್ಲಿ ಒಂದನೆಯ ಮೆಟ್ಟಿನಿಂದ ನಾಲ್ಕನೆಯ ಮೆಟ್ಟಿಗೆ ಸುಮಾರು ೧೩ ಸೆಂಟಿಮೀಟರು, ೩೦ ಇಂಚಿನದರಲ್ಲಿ ಹನ್ನೊಂದೂವರೆ. ಒಂದೂವರೆ ಸೆಂಟಿಮೀಟರು ಏನು ಮಹಾ ಎನ್ನಬೇಡಿ. ಮೂರು ತಾಸಿನ ಕಾರ್ಯಕ್ರಮದಲ್ಲಿ ಸಾವಿರಾರು ಸಲ ಬೆರಳು ಚಾಚುವವಳಿಗೆ ಅದರ ಬೆಲೆ ಗೊತ್ತು. ಇನ್ನೊಂದು, ಅದೇ ತಂತಿಯನ್ನು ಅದೇ ಶ್ರುತಿಗೆ ಕೂಡಿಸಿದರೆ ಗಿಡ್ಡ ವಾದ್ಯದಲ್ಲಿ ಬಿಗಿ ನೂರಕ್ಕೆ ಇಪ್ಪತ್ತೆರಡರಷ್ಟು ಕಡಿಮೆ ಸಾಕು. ಬೆರಳಿಗೆ ಒತ್ತುವ ಶ್ರಮ ತಗ್ಗುತ್ತದೆ. ತಂಬೂರಿಯಲ್ಲಿ ಶ್ರುತಿ ಏರಿಸಲು ಗಿಡ್ಡ ಮಾಡಿದರೆ, ಇಲ್ಲಿ ಶ್ರುತಿ ಇದ್ದಲ್ಲೇ ಇದ್ದು ಬಿಗಿ ಇಳಿಯುತ್ತದೆ. ದಾರಿ ಬೇರೆಯಾದರೂ ವಾದ್ಯವನ್ನು ಮನುಷ್ಯನಿಗೆ ಹೊಂದಿಸುವ ನೀತಿ ಒಂದೇ.

ಊರೂರು ತಿರುಗಿ ಬಾರಿಸುವವರು ಈಚೆಗೆ ಇದರತ್ತ ಒಲಿಯುತ್ತಿರುವುದಕ್ಕೆ ಬೇರೆ ಕಾರಣಗಳೂ ಇವೆ. ಸ್ಕೂಟರಿನ ಮೇಲೆ, ರೈಲಿನ ಮೇಲಿನ ಬರ್ತಿನಲ್ಲಿ ಇಡಲು ಸುಲಭ. ಇಕ್ಕಟ್ಟಾದ ವೇದಿಕೆಯಲ್ಲಿ ಪಕ್ಕದವನ ಮುಖಕ್ಕೆ ತಗಲುವುದಿಲ್ಲ. ಮೊದಲು ಕಂಪನಿಗಳು ಗಿಡ್ಡದ್ದನ್ನು ಅಗ್ಗದ ಸಾಮಾನೆಂದು ಮಾಡುತ್ತಿದ್ದುದೂ ಉಂಟು, ಆ ಕೆಟ್ಟ ಹೆಸರು ಬಂದದ್ದು ಅದರಿಂದಲೇ. ಈಗ ಒಳ್ಳೆಯ ಕೆಲಸದವೂ ದೊರೆಯುತ್ತವೆ, ಅವಕ್ಕೆ ತಕ್ಕ ತಂತಿಗಳೂ ದೊರೆಯುತ್ತವೆ.

ದೋಷಗಳನ್ನು ಮುಚ್ಚಿಡಬಾರದು. ಬಿಗಿ ಇಳಿದುದರಿಂದ ಎಲ್ಲಕ್ಕೂ ತಗ್ಗಿನ ತಂತಿ, ಅಂದರೆ ಸೆಕೆಂಡಿಗೆ ೪೧ ಸಲ ಕಂಪಿಸುವ ತಂತಿ, ಜೋತಾಡಿದಂತೆ ನುಡಿಯಬಹುದು. ತುಸು ದಪ್ಪ ತಂತಿ ಹಾಕಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಉದ್ದ ಅಳತೆಯ ತಂತಿಯನ್ನು ಕತ್ತರಿಸಿ ಇದಕ್ಕೆ ಹಾಕಬಾರದು, ದಪ್ಪ ಸುತ್ತಿನ ಭಾಗ ಬಿರಡೆಗೆ ಸುತ್ತಿಕೊಂಡು ಕೆಡುತ್ತದೆ. ಗಿಡ್ಡದ್ದೆಲ್ಲ ಹಗುರವೆಂದೂ ತಿಳಿಯಬೇಡಿ. ಕೆಲವಕ್ಕೆ ಒಡಲು ಹಗುರ, ತಲೆ ಭಾರ. ಕೈ ಬಿಟ್ಟರೆ ಕುತ್ತಿಗೆ ನೆಲ ನೋಡುತ್ತದೆ. ಆದುದರಿಂದ ಪಟ್ಟಿ ಹಾಕಿಕೊಂಡು, ಎದ್ದು ನಿಂತು, ಕಾಲು ತಾಸು ಬಾರಿಸಿ ನೋಡಿಯೇ ಕೊಳ್ಳತಕ್ಕದ್ದು. ನೋವಿದ್ದರೆ ವಾದ್ಯ ಬದಲಿಸುವುದೊಂದೇ ಮದ್ದಲ್ಲ, ಡಾಕ್ಟರರ ಮಾತೂ ಬೇಕು.

ಇಷ್ಟನ್ನೂ ಹುಡುಗಿಗೆ ಹೇಳಿ, "ಜನಾ ನಗ್ತಾರೋ ಇಲ್ಲೋ ನನಗ ಗೊತ್ತಿಲ್ಲ. ನೋಯೂ ಕೈಲೆ ಬಾರಿಸಿ ಬಿಟ್ಟುಬಿಡೂದಕ್ಕಿಂತ, ನಕ್ಕರೂ ಬಾರಿಸೂದು ಛಲೋ," ಎಂದೆ.

ಶನಿವಾರ ಅವಳು ಗಿಡ್ಡದನ್ನೇ ಒಯ್ದಳು. ಕೇಳಲು ನಾನೂ ತಂಗಿಯೂ ಹೋಗಿದ್ದೆವು. ಆ ಸಂಗೀತ ನನಗೆ ಅರ್ಥವಾಯಿತೆಂದು ಹೇಳಲಾರೆ. ಆದರೆ ಕಾಲ ಕೆಳಗಿನ ನೆಲ ಮೆಲ್ಲಗೆ ನಡುಗುತ್ತಿತ್ತು. ಯಾರೂ ನಗಲಿಲ್ಲ. ಅವಳು ಮೂರು ತಾಸಿನಲ್ಲಿ ಒಮ್ಮೆಯೂ ಕೈ ಝಾಡಿಸಲಿಲ್ಲ. ನಾನು ನೋಡುತ್ತಿದ್ದುದು ಅದನ್ನೊಂದೇ.

ಮರಳುವಾಗ ರಿಕ್ಷಾದಲ್ಲಿ ಧೈರ್ಯ ಮಾಡಿ ತಂಗಿಗೆ ಹೇಳಿದೆ: "ಮಿರಜಿನ ಆ ತಂಬೂರಿ, ಅವತ್ತು ಕೊಡಿಸಬೇಕಾಗಿತ್ತು."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನಿನಗ ನೆನಪದ ಏನಣ್ಣಾ? ಅದರ ಬುರುಡಿ ಮ್ಯಾಲೆ ಎಲಿ ಕೆತ್ತಿದ್ರು. ನಾ ಮರತಿಲ್ಲ," ಎಂದಳು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ನಮ್ಮ ಮನೆಗಳಲ್ಲಿ ಮಕ್ಕಳಿಗೆ ಅಂಗಿಯನ್ನು ಒಂದಳತೆ ದೊಡ್ಡದೇ ಹೊಲಿಸುವುದುಂಟು, ಬೆಳೆದಾಗ ಸರಿಹೋಗಲಿ ಎಂದು. ಪರವೂರಿಗೆ ಬಂದು ಕಾಸಿಗೆ ಕಾಸು ಕೂಡಿಸಿದವರ ರೂಢಿ ಅದು, ತಪ್ಪಲ್ಲ. ಆದರೆ ಅಂಗಿಯ ನಿಯಮವನ್ನು ವಾದ್ಯಕ್ಕೆ ಹಚ್ಚಬಾರದು. ಕೈ ಒಂದು ಮಿತಿಗೆ ಬೆಳೆದು ನಿಲ್ಲುತ್ತದೆ. ಒಪ್ಪದ ವಾದ್ಯದೊಡನೆ ಹೆಣಗುವ ಹುಡುಗ ಹುಡುಗಿಯರಿಗೆ ಶ್ರದ್ಧೆಯಿಲ್ಲವೆನ್ನುವ ಮೊದಲು, ಹಿರಿಯರಾದ ನಾವು ಒಮ್ಮೆ ಅಳತೆಪಟ್ಟಿ ಹಿಡಿದು ನೋಡಬೇಕು.

ಮಿರಜಿನ ಸಿತಾರ, ತಂಬೂರಿಗಳಿಗೆ ೨೦೨೪ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಆ ಕಸುಬು ಇನ್ನೂ ನಡೆದಿದೆ. ಮುಂದಿನ ತಿಂಗಳಿಗೆ ಮಿರಜಿಗೆ ಎರಡು ಟಿಕೀಟು ತೆಗೆಸಿದ್ದೇನೆ. "ಈ ವಯಸ್ಸಿನ್ಯಾಗ ಏನು ಹಾಡ್ಲಿ?" ಎಂದು ತಂಗಿ ಗೊಣಗುತ್ತಾಳೆ. ಆದರೆ ಬೆಳಗಿನ ಹೊತ್ತು ಅಡಿಗೆಮನೆಯಲ್ಲಿ ಏನನ್ನೋ ಗುನುಗುತ್ತಾಳೆಂದು ಅವಳ ಮಗಳು ನನಗೆ ಹೇಳಿದ್ದಾಳೆ. ಈ ಸಲ ಅಂಗಡಿಯಲ್ಲಿ ನಾನು ಬಾಯಿ ಬಿಡುವುದಿಲ್ಲ. ಅಳತೆಯನ್ನು ಅವಳೇ ಹೇಳಲಿ.