ಹಳೆಯ ಸೆಸ್ನಾ ಬೇಡವೆನ್ನುವವರಿಗೆ

ಅಮೆರಿಕದಲ್ಲಿ ಪೈಲಟ್ ಲೈಸೆನ್ಸ್ ಮಾಡಿಕೊಂಡ ಕನ್ನಡಿಗರು ಸ್ವಂತ ವಿಮಾನದ ಮಾತೆತ್ತಿದಾಗಲೆಲ್ಲ ನಾನು ಹೇಳುತ್ತ ಬಂದದ್ದು ಇಷ್ಟು: ಎರಡು ಸೀಟಿನ ಹಳೆಯ ಸೆಸ್ನಾ 150 ಇಲ್ಲವೇ 152 ನೋಡಿ, ಆದರೆ ಹಣ ಕೊಡುವ ಮೊದಲು ನಿಮ್ಮದೇ ಮೆಕ್ಯಾನಿಕ್ಕಿನ ಕೈಯಲ್ಲಿ ಬಿಚ್ಚಿಸಿ ಪರೀಕ್ಷಿಸಿ. ಈ ಸಲಹೆಯ ಮೊದಲರ್ಧದ ಮೇಲೆ ಒಂದು ಬಣ ಮುಗಿಬಿದ್ದಿದೆ, ಉಳಿದರ್ಧದ ಮೇಲೆ ಇನ್ನೊಂದು. ಮೊದಲಿನವರಿಗೆ ವಿಮಾನವೇ ಬೇಡ, ಎರಡನೆಯವರಿಗೆ ಪರೀಕ್ಷೆ ಬೇಡ. ಇಬ್ಬರಿಗೂ ಉತ್ತರಿಸುತ್ತೇನೆ.

‘ಐವತ್ತು ವರ್ಷದ ಡಬ್ಬ. ಅಷ್ಟು ಹಳೆಯ ಕಾರಿನಲ್ಲಿ ಹೆದ್ದಾರಿಗೆ ಇಳಿಯುತ್ತೀರಾ?’ ಎನ್ನುವುದು ಎಲ್ಲರ ಬಾಯಲ್ಲೂ ಮೊದಲು ಬರುವ ಮಾತು. ಕಾರಿಗೆ ಈ ಕಾನೂನು ಇಲ್ಲ: ಹನ್ನೆರಡು ತಿಂಗಳಿಗೊಮ್ಮೆ ಅಧಿಕೃತ ಮೆಕ್ಯಾನಿಕ್ ಇಡೀ ವಿಮಾನವನ್ನು ಪರೀಕ್ಷಿಸಿ ಲಾಗ್‌ಬುಕ್ಕಿನಲ್ಲಿ ಸಹಿ ಮಾಡದಿದ್ದರೆ ಅದು ನೆಲ ಬಿಡುವಂತಿಲ್ಲ. ಎಲ್ಲೋ ಒಂದು ವಿಮಾನದಲ್ಲಿ ಅಪಾಯದ ದೋಷ ಕಂಡುಬಂದರೆ ಅಮೆರಿಕದ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎ ಆದೇಶ ಹೊರಡಿಸುತ್ತದೆ; ಆ ಮಾದರಿಯ ಎಲ್ಲ ಮಾಲೀಕರೂ ಅದನ್ನು ಪಾಲಿಸಲೇಬೇಕು. 1958ರಿಂದ 1977ರವರೆಗೆ ತಯಾರಾದ 150ಗಳು, ಫ್ರಾನ್ಸಿನಲ್ಲಿ ಕಟ್ಟಿದವೂ ಸೇರಿ, ಹೆಚ್ಚುಕಡಿಮೆ 24 ಸಾವಿರ. ಇಷ್ಟೊಂದು ವಿಮಾನ, ಇಷ್ಟೊಂದು ವರ್ಷ, ಅದರಲ್ಲೂ ಕಲಿಯುವವರ ಕೈಯಲ್ಲಿ ಪೆಟ್ಟು ತಿನ್ನುತ್ತ ಹಾರಿದ್ದರಿಂದ ಇದರ ದೌರ್ಬಲ್ಯಗಳಲ್ಲಿ ಗುಟ್ಟಾಗಿ ಉಳಿದದ್ದು ತೀರ ಕಡಿಮೆ. ಸಣ್ಣ ವಿಮಾನಗಳ ಬಹುಪಾಲು ಅಪಘಾತಗಳಿಗೆ ಕಾರಣ ಪೈಲಟ್ಟಿನ ತಪ್ಪು, ತಗಡಿನ ವಯಸ್ಸಲ್ಲ.

ಇನ್ನು, ಹಳೆಯದು ಬೇಡವೆಂದರೆ ಹೊಸದು ಯಾವುದು? 152ರ ತಯಾರಿಕೆ 1985ಕ್ಕೆ ಮುಗಿಯಿತು. ಪರಿಹಾರದ ಮೊಕದ್ದಮೆಗಳ ಭಾರಕ್ಕೆ ಬೇಸತ್ತು ಸೆಸ್ನಾ 1986ರಲ್ಲಿ ಒಂದೇ ಪಿಸ್ಟನ್ ಎಂಜಿನ್ನಿನ ವಿಮಾನಗಳನ್ನೇ ನಿಲ್ಲಿಸಿತು. ತಯಾರಕರ ಹೊಣೆಗೆ 18 ವರ್ಷದ ಮಿತಿ ಹಾಕಿದ ಕಾನೂನು 1994ರಲ್ಲಿ ಬಂದ ಮೇಲೆ ಮತ್ತೆ ಶುರುಮಾಡಿತಾದರೂ ಎರಡು ಸೀಟಿನವು ಆ ಪಟ್ಟಿಯಲ್ಲಿರಲಿಲ್ಲ. ಆಮೇಲೆ ಚೀನಾದ ಶೆನ್ಯಾಂಗ್‌ನಲ್ಲಿ ಕಟ್ಟಿಸಿದ 162 ಸ್ಕೈಕ್ಯಾಚರ್ 2013ಕ್ಕೇ ಕಣ್ಣುಮುಚ್ಚಿತು; ಮಾರಾಟವಾಗದೆ ಉಳಿದವನ್ನು ಗುಜರಿಗೆ ಹಾಕಿದರು. ಹಳತನ್ನು ಹೀಯಾಳಿಸುವವರು ಮಧ್ಯಮವರ್ಗದ ಕೈಗೆಟಕುವ ಹೊಸ ವಿಮಾನದ ಹೆಸರು ಹೇಳಲಿ, ಕೇಳುತ್ತೇನೆ. (ನಮ್ಮ ಬೆಂಗಳೂರಿನ ಎಚ್‌ಎಎಲ್ ಕೂಡ ಎರಡು ಸೀಟಿನ ಪುಷ್ಪಕ್ ಕಟ್ಟುತ್ತಿತ್ತು. 1958ರಲ್ಲಿ ಮೊದಲು ಹಾರಿದ ಅದರ ಮೂಲ ಅಮೆರಿಕದ ಏರೋಂಕಾ ಚೀಫ್. ಅದೂ ಈಗ ಇತಿಹಾಸ.)

ವಯಸ್ಸಿನ ವಾದದಲ್ಲಿ ಹುರುಳಿರುವುದು ಒಂದೇ ಕಡೆ: ತುಕ್ಕು. ಆ ಕಾಲದ ಸೆಸ್ನಾಗಳ ಒಳಮೈಗೆ ಸಾಮಾನ್ಯವಾಗಿ ಪ್ರೈಮರ್ ಬಳಿಯುತ್ತಿರಲಿಲ್ಲ. ಅರಿಜೋನಾದ ಒಣ ಹವೆಯಲ್ಲಿ ನಿಂತದ್ದಕ್ಕೂ ಫ್ಲಾರಿಡಾದ ಕಡಲಂಚಿನಲ್ಲಿ ಬಯಲಿಗೆ ಕಟ್ಟಿಹಾಕಿದ್ದಕ್ಕೂ ಅಜಗಜಾಂತರ. ರೆಕ್ಕೆಯೊಳಗೆ ಇಲಿ ಗೂಡು ಕಟ್ಟಿದ್ದರೆ ಅದರ ಮೂತ್ರವೇ ಅಲ್ಯೂಮಿನಿಯಮ್ಮನ್ನು ತಿಂದುಹಾಕುತ್ತದೆ. ಹೊಸ ಪೇಂಟ್ ನೋಡಿ ಮರುಳಾಗುವವರಿಗೆ ನಮ್ಮಲ್ಲಿ ಗಾದೆಯೇ ಇದೆ: ಹೊರಗೆ ಥಳಕು, ಒಳಗೆ ಹುಳುಕು. ಆದ್ದರಿಂದ ವಿಮಾನ ಹುಟ್ಟಿದ ಇಸವಿಗಿಂತ ಅದು ಬಾಳಿದ ಊರನ್ನು ಕೇಳಿ. ಪರೀಕ್ಷಾ ಮುಚ್ಚಳಗಳನ್ನೆಲ್ಲ ತೆಗೆಸಿ ಟಾರ್ಚ್ ಹಾಕಿ.

‘ಎಂಜಿನ್ ಗಂಟೆ ಕಡಿಮೆ ಇರುವುದನ್ನೇ ಆರಿಸಿ, ಉಳಿದದ್ದು ತಾನಾಗಿಯೇ ಸರಿಹೋಗುತ್ತದೆ’ ಎನ್ನುತ್ತಾರೆ ಇನ್ನು ಕೆಲವರು. ಹೆಚ್ಚು ಜನ ಮೋಸಹೋಗುವುದು ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು. 150ರಲ್ಲಿರುವ ನೂರು ಅಶ್ವಶಕ್ತಿಯ ಕಾಂಟಿನೆಂಟಲ್ ಒ-200ಕ್ಕೆ ಓವರ್‌ಹಾಲ್ ಅವಧಿ 1,800 ಗಂಟೆ. 152ರ ಲೈಕಮಿಂಗ್ ಒ-235ಕ್ಕೆ 2,400. ಜಾಹೀರಾತಿನಲ್ಲಿ ‘ಓವರ್‌ಹಾಲ್ ಆಗಿ ಬರೀ 300 ಗಂಟೆ’ ಎಂದು ಕಂಡೊಡನೆ ಕಣ್ಣರಳುತ್ತದೆ. ಆ 300 ಗಂಟೆ ಎಷ್ಟು ವರ್ಷಗಳಲ್ಲಿ ಹಾರಿದ್ದು? ಇಪ್ಪತ್ತು ವರ್ಷಗಳಲ್ಲಾದರೆ ವರ್ಷಕ್ಕೆ ಹದಿನೈದೇ ಗಂಟೆ, ಮಿಕ್ಕ ಕಾಲವೆಲ್ಲ ಹ್ಯಾಂಗರಿನಲ್ಲಿ ನಿದ್ದೆ. ನಿಂತ ಎಂಜಿನ್ನಿನಲ್ಲಿ ಎಣ್ಣೆ ಕೆಳಗಿಳಿಯುತ್ತದೆ, ತೇವ ಮೇಲೆ ಕೂರುತ್ತದೆ. ಲೈಕಮಿಂಗ್‌ನಲ್ಲಿ ಕ್ಯಾಮ್‌ಶಾಫ್ಟ್ ಇರುವುದು ಕ್ರ್ಯಾಂಕ್‌ಶಾಫ್ಟಿನ ಮೇಲ್ಗಡೆ, ಮೊದಲು ಒಣಗುವುದೂ ಅದೇ. ತುಕ್ಕು ಕಚ್ಚಿದ ಕ್ಯಾಮ್ ಮತ್ತೆ ಓಡತೊಡಗಿದಾಗ ಟ್ಯಾಪೆಟ್ಟುಗಳನ್ನು ಕೆರೆಯುತ್ತದೆ, ಲೋಹದ ಚೂರು ಎಣ್ಣೆಗೆ ಸೇರುತ್ತದೆ. ಒ-200ರ ಕ್ಯಾಮ್ ಕೆಳಗಿರುವುದರಿಂದ ಈ ಕಾಟ ಕಡಿಮೆ, ಆದರೆ ಸಿಲಿಂಡರಿನ ಒಳಗೋಡೆಗೆ ತುಕ್ಕು ಹಿಡಿಯದೆಂದಿಲ್ಲ. ಎರಡೂ ತಯಾರಕರು ಗಂಟೆಗಳ ಜೊತೆಗೆ ಹನ್ನೆರಡು ವರ್ಷ ಎಂದೂ ಗಡುವು ಹಾಕಿರುವುದು ಇದಕ್ಕೇ. ಖಾಸಗಿ ಮಾಲೀಕರಿಗೆ ಈ ಗಡುವು ಕಡ್ಡಾಯವಲ್ಲ. ವಾರಕ್ಕೊಮ್ಮೆ ಹಾರುತ್ತ 1,500 ಗಂಟೆ ಮುಟ್ಟಿದ ಎಂಜಿನ್ನನ್ನು ನಾನು ಆ 300 ಗಂಟೆಯದಕ್ಕಿಂತ ಹೆಚ್ಚು ನಂಬುತ್ತೇನೆ. ಬೆಲೆ ಮಾತ್ರ ಓವರ್‌ಹಾಲ್ ಹತ್ತಿರ ಬಂದಿದೆ ಎಂದೇ ಲೆಕ್ಕಹಾಕಿ ಕೊಡಬೇಕು, ಏಕೆಂದರೆ ಆ ಖರ್ಚು ಕೆಲವೊಮ್ಮೆ ವಿಮಾನದ ಬೆಲೆಯನ್ನೇ ಮುಟ್ಟುತ್ತದೆ.

ಕಂಪ್ರೆಶನ್ ಪರೀಕ್ಷೆಯಲ್ಲಿ 80ಕ್ಕೆ 60 ಬಾರದಿದ್ದರೆ ಸಿಲಿಂಡರ್ ಹೋಯಿತು ಎಂಬ ಹಳೆಯ ಮಾತನ್ನೂ ಹಾಗೆಯೇ ಒಪ್ಪಬೇಡಿ. ಕಾಂಟಿನೆಂಟಲ್ ಎಂಜಿನ್ನಿಗೆ ಮಿತಿಯನ್ನು ಅದರದೇ ಅಳತೆ ಸಾಧನದಿಂದ ಗೊತ್ತುಮಾಡುತ್ತಾರೆ. ಅಂಕಿಗಿಂತ ಕಿವಿ ಮುಖ್ಯ. ಗಾಳಿ ಎಕ್ಸಾಸ್ಟ್ ಕೊಳವೆಯಲ್ಲಿ ಬುಸುಗುಟ್ಟಿದರೆ ಎಕ್ಸಾಸ್ಟ್ ವಾಲ್ವ್ ಸುಡುತ್ತಿರಬಹುದು. ಎಣ್ಣೆ ಹಾಕುವ ಬಾಯಲ್ಲಿ ಕೇಳಿಸಿದರೆ ರಿಂಗುಗಳ ಸವೆತ. ಬೋರ್‌ಸ್ಕೋಪ್ ಇಳಿಸಿ ನೋಡಿ. ಎಣ್ಣೆ ಫಿಲ್ಟರ್ ಕತ್ತರಿಸಿ ಬಿಚ್ಚಿ; ಎಷ್ಟೋ ಒ-200ಗಳಲ್ಲಿ ಫಿಲ್ಟರೇ ಇರುವುದಿಲ್ಲ, ಅಲ್ಲಿ ಜಾಲರಿಯನ್ನು ತೆಗೆದು ನೋಡಬೇಕು.

ಪರೀಕ್ಷೆ ಬೇಡವೆನ್ನುವ ಬಣದ ಬ್ರಹ್ಮಾಸ್ತ್ರ: ‘ಮೊನ್ನೆಯಷ್ಟೇ ಆ್ಯನ್ಯುಯಲ್ (ವಾರ್ಷಿಕ ಪರೀಕ್ಷೆ) ಆಗಿದೆ, ಇನ್ನೇನು ನೋಡುವುದು?’ ಆ ಸಹಿ ಹಾಕಿದ್ದು ಮಾರುವವನಿಂದ ಹಣ ಪಡೆದ ಮೆಕ್ಯಾನಿಕ್. ಅವನು ಪ್ರಾಮಾಣಿಕನೇ ಇರಬಹುದು, ಆದರೂ ಆ ಸಹಿಯ ಅರ್ಥ ಆ ದಿನ ವಿಮಾನ ಹಾರಲು ಯೋಗ್ಯವಾಗಿತ್ತು ಎಂದಷ್ಟೇ. ಮುಂದಿನ ವರ್ಷ ಎಷ್ಟು ಹಣ ನುಂಗುತ್ತದೆ ಎಂದು ಅದು ಹೇಳುವುದಿಲ್ಲ. ಕೊಳ್ಳುವ ಮುಂಚಿನ ಪರೀಕ್ಷೆ ಹೀಗೆಯೇ ಇರಬೇಕೆಂದು ಎಫ್‌ಎಎ ಎಲ್ಲಿಯೂ ನಿಯಮ ಮಾಡಿಲ್ಲ. ಹಾಗಾಗಿ ಪಟ್ಟಿ ನೀವೇ ಬರೆದುಕೊಡಬೇಕು. ನೋಡುವವನು ಆ ವಿಮಾನವನ್ನು ಹಿಂದೆ ಮುಟ್ಟಿರಬಾರದು, ಆ ಮಾದರಿಯನ್ನು ಚೆನ್ನಾಗಿ ಬಲ್ಲವನಾಗಿರಬೇಕು.

ನನ್ನ ಪಟ್ಟಿಯಲ್ಲಿ ಮೊದಲು ಬರುವುದು ಸೀಟಿನ ಹಳಿ. ಅದರ ರಂಧ್ರಗಳು ಸವೆದರೆ ಟೇಕಾಫಿನಲ್ಲಿ ಮೂಗು ಮೇಲೆದ್ದಾಗ ಪೈಲಟ್ ಸೀಟಿನ ಸಮೇತ ಹಿಂದಕ್ಕೆ ಜಾರುತ್ತಾನೆ, ಕೈ ಯೋಕಿನ ಮೇಲಿದ್ದರೆ ಅದನ್ನೂ ಎಳೆದುಕೊಂಡು. 87-20-03 ಸಂಖ್ಯೆಯ ಆದೇಶ ಹುಟ್ಟಿದ್ದು ಇದಕ್ಕೇ; 2011ರಲ್ಲಿ ಅದರ ಜಾಗಕ್ಕೆ ಹೊಸ ಆದೇಶ ಬಂತು. ಎಂಜಿನ್ ಹಿಂದಿನ ಫೈರ್‌ವಾಲ್ ಸುಕ್ಕುಗಟ್ಟಿದ್ದರೆ ಯಾರೋ ಕಲಿಯುವವರು ಮೂಗಿನ ಚಕ್ರದ ಮೇಲೆ ಕುಕ್ಕಿ ಇಳಿಸಿದ್ದಾರೆಂದು ತಿಳಿಯಿರಿ. 1998ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಸ್ಪಿನ್ ಅಭ್ಯಾಸಕ್ಕೆ ಹೋದ 152ರ ರಡ್ಡರ್ ತನ್ನ ತಡೆಯನ್ನು ದಾಟಿ ಸಿಕ್ಕಿಕೊಂಡಿತು, ವಿಮಾನ ಬಿತ್ತು. 2009ರ ಎಫ್‌ಎಎ ಆದೇಶದಂತೆ ಆ ತಡೆಯನ್ನು ಬದಲಿಸಿರಬೇಕು, ಇಲ್ಲವೇ ಸ್ಪಿನ್ ಮಾಡಬಾರದೆಂಬ ಫಲಕ ಅಂಟಿಸಿರಬೇಕು. ದೊಡ್ಡ ರಿಪೇರಿಗಳಿಗೆಲ್ಲ 337 ನಮೂನೆ ತುಂಬಿರಬೇಕು. ರೆಕ್ಕೆಯಲ್ಲಿ ಹೊಸ ತಗಡು ಕಂಡು ಕಡತದಲ್ಲಿ ಆ ಕಾಗದ ಕಾಣದಿದ್ದರೆ ಮಾತು ಅಲ್ಲಿಗೇ ನಿಲ್ಲಿಸಿ. ಒಡೆತನ, ಸಾಲಗಳ ದಾಖಲೆ ಇರುವುದು ಓಕ್ಲಹೋಮ ಸಿಟಿಯಲ್ಲಿ, ಅದನ್ನೂ ಹುಡುಕಿಸಿ.

‘ಹಳತೇ ಬೇಕಿದ್ದರೆ ಚಾಂಪ್, ಅರ್‌ಕೂಪ್ ತೆಗೆದುಕೊಳ್ಳಿ, ಸ್ಪೋರ್ಟ್ ಪೈಲಟ್ ಲೈಸೆನ್ಸಿನಲ್ಲೇ ಹಾರಿಸಬಹುದು’ ಎಂಬ ಸಲಹೆಗೆ ಕಾಲ ಮೀರಿದೆ. 1,320 ಪೌಂಡಿನ ತೂಕದ ಮಿತಿಯಿಂದಾಗಿ 150 ಹೊರಗುಳಿದಿದ್ದ ದಿನಗಳ ಮಾತದು. 2025ರ ಅಕ್ಟೋಬರ್ 22ರಿಂದ ಜಾರಿಯಾದ ಹೊಸ ನಿಯಮದಲ್ಲಿ ಸೆಸ್ನಾಗಳೂ ಒಳಗೆ ಬಂದಿವೆ. ಹಳೆಯ ಚಾಂಪಿನ ರೆಕ್ಕೆಯೊಳಗೆ ಮರದ ತೊಲೆ ಇದೆ, ಅದರ ಸೀಳು ನೋಡುವುದು ಬೇರೆಯೇ ವಿದ್ಯೆ.

ನಾಲ್ಕು ಸೀಟಿನ 172 ಒಳ್ಳೆಯದು ಎನ್ನುವವರ ಜೊತೆ ನನ್ನ ಜಗಳವಿಲ್ಲ, ಹಣವಿದ್ದರೆ. ಅವರು ಒಂದು ಕಡೆ ನಿಜವನ್ನೇ ಹೇಳುತ್ತಾರೆ: 150 ಹೆಚ್ಚು ಹೊರದು. ಒಟ್ಟು ತೂಕ 1,600 ಪೌಂಡ್; ಖಾಲಿ ತೂಕ 1,100 ಎಂದಿಟ್ಟುಕೊಂಡು ಟ್ಯಾಂಕ್ ತುಂಬಿಸಿದರೆ ಉಳಿಯುವುದು 365 ಪೌಂಡ್, ಅಂದರೆ 165 ಕಿಲೋ. ಎಂಬತ್ತು ಕಿಲೋದ ಇಬ್ಬರು ಕೂತರೆ ಚೀಲಕ್ಕೆ ಜಾಗವಿಲ್ಲ. ವರ್ಷಕ್ಕೆ ಹತ್ತಾರು ಗಂಟೆಯಷ್ಟೇ ಹಾರುವವರಿಗೆ ಬಾಡಿಗೆಯೇ ಅಗ್ಗ ಎಂಬುದೂ ನಿಜ. ಅಂಥವರು ಕೊಳ್ಳಲೇಬೇಡಿ, ನಿಂತ ಎಂಜಿನ್ ಇನ್ನೊಂದು ಹೆಚ್ಚಾಗುತ್ತದೆ ಅಷ್ಟೇ.

ಕೊಳ್ಳುವವರಲ್ಲಿ ಒಂದು ವಿನಂತಿ. ಮುಂಗಡ ಕೊಡುವ ಮೊದಲು ಒಪ್ಪಂದವನ್ನು ಕಾಗದದಲ್ಲಿ ಬರೆಸಿ: ಪರೀಕ್ಷೆಯ ಖರ್ಚು ನಿಮ್ಮದು, ಮೆಕ್ಯಾನಿಕ್ ನಿಮ್ಮ ಆಯ್ಕೆಯವನು, ಅಪಾಯದ ದೋಷ ಸಿಕ್ಕರೆ ಮುಂಗಡ ವಾಪಸು. ಇದಕ್ಕೆ ಒಪ್ಪದ ಮಾರಾಟಗಾರನ ವಿಮಾನವನ್ನು ಬಿಟ್ಟು ಬನ್ನಿ. ಇನ್ನೊಂದು 150 ಸಿಗುತ್ತದೆ.