ಶಾಲೆಯ ವರ್ಷ ಮತ್ತು ನಮ್ಮ ದಸರೆ

ಶಾಲೆಯ ವರ್ಷವನ್ನು ಬದಲಿಸಬೇಕೆಂಬ ಮಾತು ಮಹಾರಾಷ್ಟ್ರದಲ್ಲಿ ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿದೆ. ಜೂನ್ ತಿಂಗಳ ನಡುವಿನಲ್ಲಿ ಬಾಗಿಲು ತೆರೆಯುವ ನಮ್ಮಂತಹ ಶಾಲೆಗಳು ಕೇಂದ್ರೀಯ ಮಂಡಳಿಯ ಶಾಲೆಗಳಂತೆ ಏಪ್ರಿಲ್ ಮೊದಲಲ್ಲಿಯೇ ಹೊಸ ವರ್ಷವನ್ನು ಆರಂಭಿಸಬೇಕೆಂಬುದು ಆ ಮಾತಿನ ಸಾರ. ವಿದ್ಯಾರ್ಥಿ ಮಿತ್ರರೇ, ಹಿರಿಯರು ನಡೆಸುವ ಈ ಚರ್ಚೆಯ ಫಲವನ್ನು ಉಣ್ಣಬೇಕಾದವರು ನೀವು. ಆದುದರಿಂದ ನನ್ನ ಅಭಿಪ್ರಾಯವನ್ನು ನಿಮ್ಮೆದುರಿಗೇ ಇಡುತ್ತೇನೆ. ಏಪ್ರಿಲ್ ಆರಂಭ ನನಗೆ ಸಮ್ಮತವಲ್ಲ. ಹಾಗೆಂದು ಈಗಿರುವುದು ಇದ್ದಂತೆಯೇ ಇರಲಿ ಎನ್ನುವವನೂ ನಾನಲ್ಲ. ನಮ್ಮ ಶಾಲೆಗೆ ಬೇಕಾದುದು ಬೇರೊಂದು ಚಿಕ್ಕ ಬದಲಾವಣೆ: ದೀಪಾವಳಿಯ ರಜೆಯಿಂದ ಆರು ದಿನಗಳನ್ನು ತೆಗೆದು ದಸರೆಗೆ ಕೊಡಬೇಕು.

ಏಪ್ರಿಲ್ ವಿಷಯವನ್ನು ಬೇಗನೆ ಮುಗಿಸುತ್ತೇನೆ. 2023ರಲ್ಲಿ ಬಿಸಿಲಿನ ಉಗ್ರತೆಯನ್ನು ಕಂಡು ಸರ್ಕಾರವೇ ಏಪ್ರಿಲ್ 21ರಿಂದ ರಾಜ್ಯ ಮಂಡಳಿಯ ಶಾಲೆಗಳಿಗೆ ಬೇಸಗೆಯ ರಜೆಯನ್ನು ಸಾರಬೇಕಾಯಿತು. 2025ರಲ್ಲಿ ವಾರ್ಷಿಕ ಪರೀಕ್ಷೆಯನ್ನು ಏಪ್ರಿಲ್ ಕೊನೆಯ ವಾರದವರೆಗೆ ಎಳೆದಾಗ ಪಾಲಕರೂ ಶಿಕ್ಷಕರೂ ಆಕ್ಷೇಪಿಸಿದರು. ವಿದರ್ಭದಲ್ಲಂತೂ ಜೂನ್ ನಡುವಿಗೂ ಬಿಸಿಲು ತಗ್ಗದಿರುವುದರಿಂದ ಅಲ್ಲಿಯ ಶಾಲೆಗಳು ನಮಗಿಂತ ಒಂದೆರಡು ವಾರ ತಡವಾಗಿ ತೆರೆಯುತ್ತವೆ. ಏಪ್ರಿಲ್‌ನಲ್ಲಿಯೇ ಹೊಸ ಪುಸ್ತಕ ಕೈಸೇರಿದರೆ ಮಕ್ಕಳು ರಜೆಯಲ್ಲಿ ಓದಿಕೊಳ್ಳುವರೆಂದು ಆ ಪಕ್ಷದವರು ಹೇಳುತ್ತಾರೆ. ಮೇ ತಿಂಗಳಲ್ಲಿ ಗಣಿತದ ಪುಸ್ತಕವನ್ನು ಬಿಚ್ಚುವವರು ನಿಮ್ಮಲ್ಲಿ ಎಷ್ಟು ಮಂದಿ ಎಂಬುದನ್ನು ನಾನು ಬಲ್ಲೆ, ನೀವೂ ಬಲ್ಲಿರಿ.

ಇನ್ನು ದಸರೆಯ ವಿಷಯ. ಕರ್ನಾಟಕದ ಶಾಲೆಗಳಿಗೆ ಬೇಸಗೆಯ ರಜೆ ಏಪ್ರಿಲ್ ಎರಡನೆಯ ವಾರದಲ್ಲಿ ಆರಂಭವಾಗಿ ಮೇ ಕೊನೆಗೆ ಮುಗಿಯುತ್ತದೆ. ನಮಗೆ ಮೇ ಆರಂಭದಿಂದ ಜೂನ್ ನಡುವಿನವರೆಗೆ. ಮುಂಬಯಿಯ ಹುಡುಗನಿಗೂ ಊರಿನಲ್ಲಿರುವ ಅವನ ಚಿಕ್ಕಪ್ಪನ ಮಗನಿಗೂ ಒಟ್ಟಿಗೆ ದೊರೆಯುವುದು ಮೇ ತಿಂಗಳೊಂದೇ. ಆ ತಿಂಗಳು ಸಾರವತ್ತಾದುದೇ, ಸಂದೇಹವಿಲ್ಲ. ಮಾವು, ಹಲಸು, ಮದುವೆ, ಜಾತ್ರೆ ಎಲ್ಲವೂ ಅದರಲ್ಲಿವೆ. ಕರಾವಳಿಯ ಮಕ್ಕಳಿಗೆ ಪತ್ತನಾಜೆಯ ಒಳಗೆ ಯಕ್ಷಗಾನ ಬಯಲಾಟವೂ ಭೂತದ ಕೋಲವೂ ಸಿಗುತ್ತವೆ. ಮೇ 24ರ ಹೊತ್ತಿಗೆ ಬರುವ ಆ ದಿನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ತಡವಾಗಿ ಹೋದವರಿಗೆ ಉಳಿಯುವುದು ಮಳೆಯೇ.

ಆದರೆ ವರ್ಷದ ಎರಡನೆಯ ರಜೆಯಲ್ಲಿ ಎರಡು ರಾಜ್ಯಗಳೂ ಬೇರೆ ಬೇರೆ ದಾರಿ ಹಿಡಿದಿವೆ. ಕರ್ನಾಟಕದಲ್ಲಿ ದೀರ್ಘ ರಜೆ ದಸರೆಗೆ. ದೀಪಾವಳಿಗೆ ಎರಡು ಮೂರು ದಿನ ಮಾತ್ರ. ಇಲ್ಲಿ ವಿಜಯದಶಮಿಗೆ ಒಂದು ದಿನ. ದೀಪಾವಳಿಗೆ ಎರಡು ವಾರಗಳ ಆಸುಪಾಸು. ವಿಜಯದಶಮಿಗೂ ನರಕ ಚತುರ್ದಶಿಗೂ ನಡುವೆ ಇರುವುದು ಸುಮಾರು ಇಪ್ಪತ್ತು ದಿನಗಳಷ್ಟೇ ಅಂತರ. ಆ ಇಪ್ಪತ್ತು ದಿನಗಳಲ್ಲಿ ಊರಿನ ಶಾಲೆ ಮತ್ತೆ ತೆರೆದಿರುತ್ತದೆ. ನಮ್ಮ ಮಕ್ಕಳು ಊರು ಸೇರಿದಾಗ ಅಲ್ಲಿಯ ಮಕ್ಕಳು ತರಗತಿಯಲ್ಲಿ ಕುಳಿತಿರುತ್ತಾರೆ.

ದೀಪಾವಳಿಯ ಬಳಿಕ ‘ರಜೆಯಲ್ಲಿ ನಾನು ಕಂಡದ್ದು’ ಎಂಬ ಪ್ರಬಂಧವನ್ನು ಬರೆಯಿಸುವುದು ನನ್ನ ವಾಡಿಕೆ. ಕರುವಿನ ವಿಷಯ, ಅಜ್ಜನ ಕೆಮ್ಮಿನ ವಿಷಯ, ಬಾವಿಯ ನೀರಿನ ವಿಷಯ ಅದರಲ್ಲಿ ಬರುತ್ತವೆ. ಜೊತೆಯ ಮಕ್ಕಳ ವಿಷಯ ಬರುವುದು ಕಡಿಮೆ. ಒಬ್ಬ ಹುಡುಗಿ ಒಂದೇ ಸಾಲಿನಲ್ಲಿ ಬರೆದಿದ್ದಳು: ಅತ್ತೆಯ ಮಗಳು ಸಂಜೆ ಐದಕ್ಕೆ ಬರುತ್ತಿದ್ದಳು, ಆಮೇಲೆ ಮನೆಗೆಲಸದ ಪಾಠ ಬರೆಯುತ್ತಿದ್ದಳು, ನಾನು ನೋಡುತ್ತಿದ್ದೆ.

ಇದನ್ನು ಸಣ್ಣ ಸಂಗತಿಯೆಂದು ತಳ್ಳಿಹಾಕಲಾಗದು. ಈ ನಗರದಲ್ಲಿ ನೀವು ಕನ್ನಡವನ್ನು ಗುರುಗಳೊಡನೆ ಆಡುತ್ತೀರಿ, ತಂದೆತಾಯಿಗಳೊಡನೆ ಆಡುತ್ತೀರಿ. ಆಟದ ಗಂಟೆ ಬಾರಿಸಿತೆಂದರೆ ಮೈದಾನದಲ್ಲಿ ಕೇಳುವುದು ಹಿಂದಿ. ಚಾಳಿನ ಓಣಿಯಲ್ಲಿ ಮರಾಠಿ. ಅದರಲ್ಲಿ ದೋಷವೇನೂ ಇಲ್ಲ, ಅವೂ ನಮ್ಮ ಅನ್ನದ ಭಾಷೆಗಳೇ. ಆದರೆ ಜಗಳವಾಡುವುದಕ್ಕೆ, ಪಂಥ ಕಟ್ಟುವುದಕ್ಕೆ, ಗುಟ್ಟು ಹೇಳುವುದಕ್ಕೆ ಬೇಕಾದ ಮಾತು ಸಮವಯಸ್ಕರಿಂದಲ್ಲದೆ ಬರುವುದಿಲ್ಲ. ನಿಮ್ಮ ಕನ್ನಡವು ಪರೀಕ್ಷೆಯಲ್ಲಿ ಶುದ್ಧವಾಗಿಯೂ ಆಟದಲ್ಲಿ ಮೂಕವಾಗಿಯೂ ಇರುವುದಕ್ಕೆ ಕಾರಣ ಇದೇ ಎಂದು ನನ್ನ ನಂಬಿಕೆ. (ಮನೆಯಲ್ಲಿ ತುಳು, ಕೊಂಕಣಿ, ಲಂಬಾಣಿ ಆಡುವವರು ಆ ನುಡಿಗಳಿಗೂ ಈ ಮಾತನ್ನು ಅನ್ವಯಿಸಿಕೊಳ್ಳಬಹುದು.)

ದಸರೆಯೇ ಏಕೆ, ಗಣೇಶ ಚತುರ್ಥಿ ಆಗದೇ, ನಾಗರಪಂಚಮಿ ಆಗದೇ ಎಂದು ಕೇಳುವಿರಿ. ಪಂಚಮಿಯ ಜೋಕಾಲಿ ವಿಜಯಪುರ, ಕಲಬುರಗಿ ಕಡೆಯವರಿಗೆ ಎಷ್ಟು ಪ್ರಿಯವೆಂಬುದನ್ನು ಆ ದಿನಗಳ ಹಾಜರಿ ಪುಸ್ತಕವೇ ಹೇಳುತ್ತದೆ. ಚೌತಿ ಕರಾವಳಿಯವರಿಗೆ ಪ್ರಿಯ. ಆದರೆ ಆ ಹಬ್ಬಗಳಲ್ಲಿ ಊರಿನ ಶಾಲೆಗಳಿಗೆ ದೀರ್ಘ ರಜೆಯಿಲ್ಲ. ದಸರೆ ಎರಡು ಕಡೆಯವರಿಗೂ ಸಲ್ಲುತ್ತದೆ. ಉತ್ತರದಲ್ಲಿ ಬನ್ನಿಯ ಎಲೆಯನ್ನು ಬಂಗಾರವೆಂದು ಹಂಚುವರು. ಉಡುಪಿ, ಕುಂದಾಪುರದ ಕಡೆ ನವರಾತ್ರಿಯಲ್ಲಿ ಹುಡುಗರು ಹೂವಿನ ಕೋಲು ಹಿಡಿದು ಮನೆಮನೆಗೆ ಹೋಗಿ ಯಕ್ಷಗಾನದ ಪದಕ್ಕೆ ಅರ್ಥ ಹೇಳುವ ಪದ್ಧತಿಯುಂಟು. ಶಾರದಾ ಪೂಜೆಯಲ್ಲಿ ಪುಸ್ತಕವಿಟ್ಟ ಮೇಲೆ ಅದನ್ನು ತೆಗೆದು ಓದಕೂಡದೆಂಬುದು ಹಿರಿಯರ ನಿಯಮ. ಮರುದಿನದ ಕಿರುಪರೀಕ್ಷೆಗಾಗಿ ದೇವರ ಮುಂದಿನಿಂದ ಪುಸ್ತಕವನ್ನು ಮೆಲ್ಲನೆ ಎಳೆದುಕೊಂಡವರು ನಿಮ್ಮಲ್ಲಿ ಇರಬಹುದು.

ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಮಹಾರಾಷ್ಟ್ರದ ರಜೆಯ ನಿಯಮದಂತೆ ಶಾಲೆಯ ಒಟ್ಟು ರಜೆಗಳು ವರ್ಷಕ್ಕೆ 76 ದಿನಗಳನ್ನು ಮೀರಬಾರದು. ಆ ಮಿತಿಯೊಳಗೆ ಬೇಸಗೆಯ ಅಥವಾ ದೀಪಾವಳಿಯ ರಜೆಯನ್ನು ಕಡಿಮೆ ಮಾಡಿ, ಶಿಕ್ಷಣಾಧಿಕಾರಿಗಳ ಅನುಮತಿಯಿಂದ ಗಣೇಶೋತ್ಸವ, ಕ್ರಿಸ್ಮಸ್‌ನಂತಹ ಹಬ್ಬಗಳಿಗೆ ಹೊಂದಿಸಿಕೊಳ್ಳಲು ಅವಕಾಶವಿದೆ. ಅನ್ಯರು ಬಳಸುವ ಅವಕಾಶವನ್ನು ನಾವೂ ಬಳಸಿದರೆ ತಪ್ಪೇನು? ದಿನಗಳು ಸ್ಥಳಾಂತರವಾಗುವುವೇ ಹೊರತು ಹೆಚ್ಚುವುದಿಲ್ಲ. 2009ರ ಶಿಕ್ಷಣ ಹಕ್ಕಿನ ಕಾಯಿದೆ ಐದನೆಯ ತರಗತಿಯವರೆಗೆ 200, ಆರರಿಂದ ಎಂಟರವರೆಗೆ 220 ಕೆಲಸದ ದಿನಗಳನ್ನು ಕೇಳುತ್ತದೆ; ಅದಕ್ಕೂ ಭಂಗವಿಲ್ಲ. ಆರು ದಿನಗಳಿಗೆ ವಿಜಯದಶಮಿಯೂ ಒಂದು ಭಾನುವಾರವೂ ಸೇರಿದರೆ ಎಂಟು ದಿನ. ಹೋಗಿ ಬರುವ ಪಯಣವನ್ನು ಕಳೆದರೂ ಆರು ದಿನ ಊರಿನಲ್ಲಿ.

ಪರೀಕ್ಷೆಯ ಆಕ್ಷೇಪಣೆ ನಮ್ಮ ಶಿಕ್ಷಕರಿಂದಲೇ ಬರುತ್ತದೆ. ಮೊದಲ ಸತ್ರದ ಪರೀಕ್ಷೆ ದೀಪಾವಳಿಗೆ ಮುಂಚೆ ನಡೆಯುವುದರಿಂದ ನಡುವೆ ರಜೆ ಬಂದರೆ ಓದು ಕೆಡುವುದೆಂದು ಅವರ ಭಯ. ಪರೀಕ್ಷೆಯನ್ನೇ ದಸರೆಯ ಮೊದಲು ಮುಗಿಸೋಣ. ಜೂನ್ ನಡುವಿನಿಂದ ಎಣಿಸಿದರೆ ಮೂರು ತಿಂಗಳಿಗೂ ಮಿಕ್ಕಿ ಕಾಲವಿದೆ. ಹಬ್ಬ ಮುಗಿದು ದೀಪಾವಳಿ ಬರುವವರೆಗಿನ ದಿನಗಳಲ್ಲಿ ಉತ್ತರಪತ್ರಿಕೆಗಳನ್ನು ತಿದ್ದಿ ಹಿಂದಿರುಗಿಸಿ, ತಪ್ಪುಗಳನ್ನು ಕುಳಿತು ವಿವರಿಸಲೂಬಹುದು. ಈಗ ಆ ಕೆಲಸ ರಜೆಯಾಚೆಗೆ ಹೋಗಿ ಹಳಸುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಮತ್ತೊಂದಿದೆ. ಕಾರಖಾನೆಗಳಲ್ಲಿ ಬೋನಸ್ ಬರುವುದು ದೀಪಾವಳಿಗೆ. ತಂದೆಗೆ ರಜೆ ದೊರೆಯುವುದೂ ಆಗಲೇ. ಹೋಟೆಲಿನಲ್ಲಿ ದುಡಿಯುವವರಿಗೆ ಹಬ್ಬದ ದಿನವೇ ಹೆಚ್ಚು ಕೆಲಸ. ವರ್ಷಕ್ಕೆ ಎರಡು ಬಾರಿ ಗಾಡಿಯ ಖರ್ಚನ್ನು ಹೊರಲಾರದ ಮನೆಗಳೂ ಇವೆ. ಇದಕ್ಕೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ದೀಪಾವಳಿಗೆ ಒಂದು ವಾರವನ್ನು ಉಳಿಸಿಯೇ ನಾನು ಆರು ದಿನ ಕೇಳುತ್ತಿರುವುದು ಈ ಕಾರಣದಿಂದಲೇ. ಊರಿಗೆ ಹೋಗಲಾರದವರಿಗೆ ಶಾಲೆಯ ಸಭಾಗೃಹವನ್ನು ತೆರೆದಿಟ್ಟು ಶಾರದಾ ಪೂಜೆ, ತಾಳಮದ್ದಲೆ ನಡೆಸಬಹುದು. ಅದು ಊರಿಗೆ ಸಮವಲ್ಲವೆಂಬುದು ನನಗೂ ತಿಳಿದಿದೆ.

ಒಂದು ಮಾತು ಮಾತ್ರ ಖಂಡಿತ: ದಿನಾಂಕವನ್ನು ಮೊದಲೇ ಸಾರಬೇಕು. ವಿಜಯದಶಮಿ 2025ರಲ್ಲಿ ಅಕ್ಟೋಬರ್ 2ಕ್ಕೆ, 2026ರಲ್ಲಿ ಅಕ್ಟೋಬರ್ 20ಕ್ಕೆ; ಅಧಿಕ ಮಾಸ ಬಂದ ವರ್ಷ ಹೀಗೆ ಮುಂದೆ ಹೋಗುತ್ತದೆ. ರೈಲಿನ ಮುಂಗಡ ಕಾದಿರಿಸುವಿಕೆ 2024ರ ನವೆಂಬರ್‌ನಿಂದ 60 ದಿನಗಳಿಗೆ ಇಳಿದಿದೆ. ಮತ್ಸ್ಯಗಂಧಾದಲ್ಲಾಗಲಿ ಉದ್ಯಾನ ಎಕ್ಸ್‌ಪ್ರೆಸ್ಸಿನಲ್ಲಾಗಲಿ ಹಬ್ಬದ ಕಾಲದಲ್ಲಿ ಜಾಗ ಬೇಕಾದವನು ಅರುವತ್ತನೆಯ ದಿನ ಬೆಳಗ್ಗೆಯೇ ಸಿದ್ಧನಿರಬೇಕು.

ಪ್ರತಿ ತರಗತಿಯ ನಾಯಕರು ಒಂದು ಪಟ್ಟಿ ಮಾಡಲಿ: ಕಳೆದ ದೀಪಾವಳಿಗೆ ಊರಿಗೆ ಹೋದವರೆಷ್ಟು, ದಸರೆಗೆ ರಜೆ ಕೊಟ್ಟರೆ ಹೋಗಬಲ್ಲವರೆಷ್ಟು, ಬೇಡವೆನ್ನುವವರ ಕಾರಣವೇನು. ಮನೆಯಲ್ಲಿ ತಂದೆತಾಯಿಗಳನ್ನು ಕೇಳಿಯೇ ಬರೆಯಿರಿ. ಬೇಡವೆಂದವರ ಹೆಸರನ್ನು ಬಿಡಬೇಡಿರಿ. ಮುಂದಿನ ವರ್ಷದ ರಜೆಯ ಪಟ್ಟಿ ಜೂನ್‌ಗೆ ಮೊದಲೇ ಸಿದ್ಧವಾಗುತ್ತದೆ. ಅಷ್ಟರೊಳಗೆ ನಿಮ್ಮ ಕಾಗದ ಮುಖ್ಯಾಧ್ಯಾಪಕರ ಮೇಜಿನ ಮೇಲಿರಲಿ.