ವಿಮಾನ ಬಂತು, ಅಡಕತ್ತರಿ ಹೋಯ್ತು!

ಸೋಗಾನೆಯಲ್ಲಿ ವಿಮಾನ ಇಳಿಯೋದು ಈಗ ಶಿವಮೊಗ್ಗದವರಿಗೆ ಹೊಸ ಸುದ್ದಿಯೇನಲ್ಲ. 2023ರ ಫೆಬ್ರವರಿ 27ರಂದು ಪ್ರಧಾನಿ ಬಂದು ನಿಲ್ದಾಣ ಉದ್ಘಾಟಿಸಿದರು. ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂತು. ಕುವೆಂಪು ಹೆಸರು, ಕಮಲದಾಕಾರದ ಕಟ್ಟಡ, ಹಾರ ತುರಾಯಿ ಎಲ್ಲ ಆಯ್ತು. ಆದರೆ ವಿಮಾನ ಬಂದಷ್ಟು ಬೇಗ ವಿಮಾನದ ರಿವಾಜು ಊರಿಗೆ ಬರೋದಿಲ್ಲ.

ನಮ್ಮ ಜನ ಬಸ್ಸಿನಲ್ಲಿ ಬೆಳೆದವರು. ಮೂಟೆ ಟಾಪಿನ ಮೇಲೆ, ಉಪ್ಪಿನಕಾಯಿ ಭರಣಿ ತೊಡೆಯ ಮೇಲೆ, ಎಲೆಅಡಿಕೆ ಸಂಚಿ ಸೊಂಟದಲ್ಲಿ. ಹೊರಟ ಬಸ್ಸಿಗೆ ಓಡಿಬಂದು ಕೈ ಅಡ್ಡ ಹಾಕಿದರೆ ಕಂಡಕ್ಟರ್ ಸೀಟಿ ಊದಿ ನಿಲ್ಲಿಸುತ್ತಾನೆ. ಇದೇ ಧೈರ್ಯದಲ್ಲಿ ವಿಮಾನ ಹತ್ತಲು ಹೋದವರು ಸೆಕ್ಯೂರಿಟಿ ಮೇಜಿನ ಮುಂದೆ ಬೆವರುತ್ತಾರೆ. ಹಿಂದೆ ಸಾಲು ಬೆಳೀತಾ ಇರುತ್ತೆ, ಮುಂದೆ ಸಮವಸ್ತ್ರದವರು ಚೀಲ ಬಿಚ್ಚು ಅಂತಿರುತ್ತಾರೆ. ಅಜ್ಜನ ಅಡಕತ್ತರಿ ಡಬ್ಬಕ್ಕೆ, ಅಮ್ಮನ ಮೆಣಸಿನಕಾಯಿ ಉಪ್ಪಿನಕಾಯಿ ಅದರ ಹಿಂದೆ.

ಇದರಲ್ಲಿ ಸಿಬ್ಬಂದಿಯ ತಪ್ಪಿಲ್ಲ, ಅಜ್ಜನದೂ ಇಲ್ಲ. ತಿಳಿಯಬೇಕಾದ್ದು ಒಂದೇ ಮಾತು: ತಪಾಸಣೆ ಪಾಸಾಗೋದು ನಿಲ್ದಾಣದಲ್ಲಲ್ಲ, ಮನೆಯಲ್ಲಿ ಚೀಲ ಕಟ್ಟುವಾಗ.

ಎರಡು ಚೀಲದ ಲೆಕ್ಕ

ವಿಮಾನಕ್ಕೆ ಎರಡು ಥರದ ಚೀಲ. ಒಂದು ನಿಮ್ಮ ಜೊತೆ ಒಳಗೆ ಬರುವ ಕೈಚೀಲ. ಇನ್ನೊಂದು ಕೌಂಟರಿನಲ್ಲಿ ಒಪ್ಪಿಸಿ, ಇಳಿದ ಮೇಲೆ ವಾಪಸ್ ಪಡೆಯುವ ದೊಡ್ಡ ಚೀಲ. ದೇಶದೊಳಗಿನ ಸಾಮಾನ್ಯ ಟಿಕೆಟಿಗೆ ಕೈಚೀಲ ಒಂದೇ, ಅದೂ 7 ಕಿಲೋ. ದೊಡ್ಡದಕ್ಕೆ ಸಾಧಾರಣ 15 ಕಿಲೋ. ಹೆಚ್ಚಾದರೆ ಕಿಲೋ ಲೆಕ್ಕದಲ್ಲಿ ದುಡ್ಡು.

ಚುಚ್ಚುವ, ಕೊಯ್ಯುವ ವಸ್ತು ಕೈಚೀಲದಲ್ಲಿ ಇರಬಾರದು. ಅಡಕತ್ತರಿ, ಚಾಕು, ಸ್ಕ್ರೂಡ್ರೈವರ್, ಮನೆಯ ಕುಡುಗೋಲು ಎಲ್ಲ ದೊಡ್ಡ ಚೀಲಕ್ಕೆ. ಖಾರದ ಪುಡಿಯೂ ಅಲ್ಲಿಗೇ. ಕಣ್ಣಿಗೆ ಎರಚಿದರೆ ಅದೂ ಆಯುಧವೇ. ಅಪ್ಪೆಮಿಡಿ, ಜೋನಿಬೆಲ್ಲ, ತುಪ್ಪ ಇವನ್ನೂ ಎರಡು ಪದರ ಪ್ಲಾಸ್ಟಿಕ್ ಸುತ್ತಿ ದೊಡ್ಡ ಚೀಲದಲ್ಲೇ ಇಡೋದು ಕ್ಷೇಮ. ಬೆಂಕಿಪೊಟ್ಟಣ, ಲೈಟರ್, ಪಟಾಕಿ ಎರಡರಲ್ಲೂ ಬೇಡ. ಬೀಡಿ ಸೇದುವವರು ಜೇಬು ತಡಕಿಕೊಂಡೇ ಮನೆ ಬಿಡಲಿ.

ಬೆಂಗಳೂರಿಗೆ ಹೋಗಿ ಅಲ್ಲಿಂದ ದುಬೈ, ಮಸ್ಕತ್ ವಿಮಾನ ಹತ್ತುವವರಿಗೆ ಇನ್ನೂ ಒಂದು ನಿಯಮ. ಕೈಚೀಲದ ಎಣ್ಣೆ, ಶಾಂಪೂ, ಅತ್ತರು ಒಂದೊಂದೂ 100 ಮಿಲಿಲೀಟರ್ ಬಾಟಲಿ ಮೀರಬಾರದು, ಎಲ್ಲವೂ ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿ ಹಿಡಿಸಬೇಕು. 2006ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ದ್ರವದ ಬಾಂಬಿನ ಸಂಚು ಬಯಲಾದ ಮೇಲೆ ಲೋಕದ ತುಂಬ ಬಂದ ಕಾನೂನು ಇದು. ಕೂಸಿನ ಹಾಲಿಗೆ, ಅಗತ್ಯದ ಔಷಧಿಗೆ ವಿನಾಯ್ತಿ ಉಂಟು.

ಕೊಬ್ಬರಿ ಮೇಲೇಕೆ ಕೋಪ?

ಮಗನ ಮನೆಗೆ ಹೊರಟವರು ನಾಲ್ಕು ಗಿಟುಕು ಕೊಬ್ಬರಿ ತಗೊಳ್ಳದೆ ಹೋಗೋದುಂಟೆ? ಅಂಗಡಿಯವರೂ ಕೊಡುತ್ತಾರೆ. ಆದರೆ 2022ರಲ್ಲಿ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ ಇಡೀ ಒಣಕೊಬ್ಬರಿಯನ್ನು ದೊಡ್ಡ ಚೀಲದ ನಿಷೇಧದ ಪಟ್ಟಿಗೆ ಸೇರಿಸಿತು. ಕಾರಣ ಅದರ ಎಣ್ಣೆ. ಗಾಳಿಯಾಡದ ಜಾಗದಲ್ಲಿ ಕೊಬ್ಬರಿ ತಾನೇ ಕಾವೇರಿ ಹೊತ್ತಿಕೊಳ್ಳಬಹುದು. ವಿಮಾನದ ಹೊಟ್ಟೆಯಲ್ಲಿ ಬೆಂಕಿ ಬಿದ್ದರೆ ನಿಲ್ಲಿಸಿ ಇಳಿಯೋಕೆ ಅದು ಭದ್ರಾವತಿ ಬಸ್ಸಲ್ಲ.

ತೆಂಗಿನಕಾಯಿಯನ್ನೂ ಕೈಚೀಲದಲ್ಲಿ ಬಿಡೋದಿಲ್ಲ. ಶಬರಿಮಲೆಗೆ ಹೋಗುವ ಅಯ್ಯಪ್ಪ ಭಕ್ತರ ಇರುಮುಡಿ ಕಾಯಿಗೆ ಮಾತ್ರ 2024ರ ಅಕ್ಟೋಬರಿನಿಂದ 2025ರ ಜನವರಿ 20ರವರೆಗೆ, ತಪಾಸಣೆ ಮಾಡಿಸಿ ಜೊತೆಗೆ ಒಯ್ಯಲು ಅನುಮತಿ ಸಿಕ್ಕಿತ್ತು. ಹೀಗೆ ಅವಧಿ ಕಟ್ಟಿ ಕೊಡುವ ವಿನಾಯ್ತಿ ಇದು. ಮಾಲೆ ಹಾಕಿದವರು ಆಯಾ ವರ್ಷ ವಿಚಾರಿಸಿಕೊಂಡೇ ಹೊರಡಬೇಕು.

ಮೊಬೈಲಿಗೆ ಕರೆಂಟು ಕೊಡುವ ಪವರ್ ಬ್ಯಾಂಕಿನದು ಉಲ್ಟಾ ಲೆಕ್ಕ. ಅದು ಕೈಚೀಲದಲ್ಲೇ ಇರಬೇಕು, ದೊಡ್ಡ ಚೀಲದಲ್ಲಿ ಕೂಡದು. ಅದರೊಳಗಿನ ಲಿಥಿಯಂ ಬ್ಯಾಟರಿ ಹೊತ್ತಿಕೊಂಡರೆ ಜನರ ಕಣ್ಣೆದುರೇ ಹೊತ್ತಿಕೊಳ್ಳಲಿ, ಆರಿಸಬಹುದು ಅಂತ.

‘ಇದೊಂದು ಪೊಟ್ಟಣ ಕೊಟ್ಟುಬಿಡಿ’

ಬಸ್ಸಿನ ಡ್ರೈವರ್ ಕೈಗೆ ಪೊಟ್ಟಣ ಕೊಟ್ಟು ಮುಂದಿನೂರಿಗೆ ಮುಟ್ಟಿಸೋದು ನಮ್ಮಲ್ಲಿ ಹಳೇ ಅಭ್ಯಾಸ. ವಿಮಾನದಲ್ಲಿ ಇದು ಪ್ರಾಣಕ್ಕೇ ಸಂಚಕಾರ. 1985ರ ಜೂನ್ 23ರಂದು ಏರ್ ಇಂಡಿಯಾದ ‘ಕನಿಷ್ಕ’ ಐರ್ಲೆಂಡಿನ ಹತ್ತಿರ ಆಕಾಶದಲ್ಲೇ ಸಿಡಿದು 329 ಜನ ಸತ್ತರು. ಬಾಂಬಿದ್ದ ಚೀಲ ಕೆನಡಾದ ವ್ಯಾಂಕೂವರಿನಲ್ಲಿ ಲಗೇಜಿಗೆ ಸೇರಿತ್ತು. ಚೀಲ ಹತ್ತಿತು, ಚೀಲದ ಯಜಮಾನ ಹತ್ತಲಿಲ್ಲ! ಅದಕ್ಕೇ ಇವತ್ತು ಪ್ರಯಾಣಿಕ ಬಾರದಿದ್ದರೆ ಅವನ ಚೀಲ ಹುಡುಕಿ ಕೆಳಗಿಳಿಸುತ್ತಾರೆ. ಅದಕ್ಕೇ ‘ಚೀಲ ನೀವೇ ಕಟ್ಟಿದ್ದಾ?’ ಅಂತ ಕೇಳುತ್ತಾರೆ.

ಅಷ್ಟು ದೂರ ಯಾಕೆ, ನಮ್ಮ ಮಂಗಳೂರನ್ನೇ ನೋಡಿ. 2020ರ ಜನವರಿ 20ರಂದು ಅಲ್ಲಿನ ನಿಲ್ದಾಣದ ಟಿಕೆಟ್ ಕೌಂಟರ್ ಬಳಿ ಯಾರೋ ಬಿಟ್ಟುಹೋದ ಚೀಲದಲ್ಲಿ ಸ್ಫೋಟಕ ಸಿಕ್ಕಿತು. ಬಾಂಬ್ ದಳದವರು ಅದನ್ನು ಕೆಂಜಾರಿನ ಬಯಲಿಗೆ ಒಯ್ದು ಸಿಡಿಸಿದರು. ಹಾಗಾಗಿ ವಾರಸುದಾರರಿಲ್ಲದ ಚೀಲ ಕಂಡರೆ ಸಿಬ್ಬಂದಿ ಓಡಾಡೋದು ನಾಟಕವಲ್ಲ. ನಿಮ್ಮ ಚೀಲ ಕುರ್ಚಿಯ ಮೇಲೆ ಬಿಟ್ಟು ಕಾಫಿಗೆ ಹೋಗಬೇಡಿ. ಎಷ್ಟೇ ಪರಿಚಯದವರು ಪೊಟ್ಟಣ ಕೊಡಲಿ, ಬಿಚ್ಚಿ ನೋಡದೆ ಹಿಡಿಯಬೇಡಿ. ದಾಕ್ಷಿಣ್ಯ ಬೇರೆ, ಜೈಲು ಬೇರೆ.

ತಮಾಷೆಗೂ ಜಾಗ ನೋಡಬೇಕು. ‘ಚೀಲದಲ್ಲಿ ಬಾಂಬಿದೆಯೇನ್ರೀ?’ ಎಂದು ನಕ್ಕವರು ವಿಮಾನದ ಬದಲು ಪೊಲೀಸ್ ಜೀಪು ಹತ್ತಿದ್ದಾರೆ. 2024ರ ಅಕ್ಟೋಬರಿನಲ್ಲಿ ದೇಶದ ವಿಮಾನಗಳಿಗೆ ನೂರಾರು ಹುಸಿ ಬೆದರಿಕೆ ಬಂದ ಮೇಲಂತೂ ಕಾನೂನು ಇನ್ನೂ ಬಿಗಿಯಾಗಿದೆ.

ಗಡಿಯಾರ ನೋಡಿ ಹೊರಡಿ

ನಿಲ್ದಾಣದ ಬಾಗಿಲಲ್ಲೇ ಟಿಕೆಟ್ಟೂ ಗುರುತಿನ ಚೀಟಿಯೂ ತೋರಿಸಬೇಕು. ಎರಡರಲ್ಲೂ ಹೆಸರು ತಾಳೆಯಾಗಬೇಕು. ಊರಿನಲ್ಲಿ ‘ಮಂಜಣ್ಣ’ ಅಂತ ಟಿಕೆಟ್ ಬರೆಸಿ, ಆಧಾರ್ ಕಾರ್ಡಿನಲ್ಲಿ ‘ಮಂಜುನಾಥ’ ಅಂತಿದ್ದರೆ ಬಾಗಿಲಲ್ಲೇ ತಕರಾರು. ದೊಡ್ಡ ಚೀಲ ಒಪ್ಪಿಸುವ ಕೌಂಟರ್ ಸಾಮಾನ್ಯವಾಗಿ ಹೊರಡುವ ಒಂದು ಗಂಟೆ ಮೊದಲೇ ಬಂದ್, ಕೊನೆಯ ಗೇಟು 25 ನಿಮಿಷ ಮೊದಲು. ಎರಡು ಗಂಟೆ ಮುಂಚೆ ತಲುಪಿದವನೇ ಜಾಣ.

ಇನ್ನು ತಪಾಸಣೆ. ಮೊಬೈಲು, ಲ್ಯಾಪ್‌ಟಾಪು, ಪವರ್ ಬ್ಯಾಂಕು, ಪರ್ಸು, ಚಿಲ್ಲರೆ, ಬೆಲ್ಟು ಎಲ್ಲ ಟ್ರೇಗೆ. ಟ್ರೇ ಎಕ್ಸ್‌ರೇ ಯಂತ್ರದೊಳಗೆ, ನೀವು ಲೋಹ ಪತ್ತೆ ಮಾಡುವ ಚೌಕಟ್ಟಿನೊಳಗೆ. ಹೆಂಗಸರಿಗೆ ಪರದೆಯೊಳಗೆ ಮಹಿಳಾ ಸಿಬ್ಬಂದಿಯೇ ತಪಾಸಣೆ ಮಾಡುತ್ತಾರೆ, ಅಂಜಿಕೆ ಬೇಡ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಚೌಕಟ್ಟು ದಾಟುವ ಮೊದಲೇ ಹೇಳಿ, ಆಸ್ಪತ್ರೆಯ ಕಾರ್ಡು ತೋರಿಸಬೇಕು. ಇನ್ಸುಲಿನ್, ಮಾತ್ರೆ ಚೀಟಿಯ ಸಮೇತ ಕೈಚೀಲದಲ್ಲಿರಲಿ. ಚಿನ್ನ, ದುಡ್ಡೂ ಅಷ್ಟೇ, ಟ್ರೇ ಮೇಲೆ ಕಣ್ಣಿರಲಿ. ಏನಾದರೂ ಬೇಡವೆಂದರೆ ಜಗಳ ಬೇಡ. ಹೊತ್ತಿದ್ದರೆ ವಾಪಸ್ ಹೋಗಿ ದೊಡ್ಡ ಚೀಲಕ್ಕೆ ಸೇರಿಸಬಹುದು, ಬೀಳ್ಕೊಡಲು ಬಂದವರ ಕೈಗೂ ಕೊಡಬಹುದು. ಹೊತ್ತಿಲ್ಲದಿದ್ದರೆ ಡಬ್ಬವೇ ಗತಿ.

ಹೇಳುವವರು ಯಾರು?

ವಿಮಾನ ಈಗ ಸಾಹುಕಾರರದಷ್ಟೇ ಅಲ್ಲ. ದೊಡ್ಡಾಸ್ಪತ್ರೆಗೆ ತಾಯಿಯನ್ನು ಕರೆದೊಯ್ಯುವವರು, ಕೆಲಸದ ಸಂದರ್ಶನಕ್ಕೆ ಓಡುವ ಹುಡುಗರು ಸಾಲ ಮಾಡಿ ಟಿಕೆಟ್ ತಗೋತಾರೆ. ಒಂದು ಕತ್ತರಿಯ ವಾಗ್ವಾದದಲ್ಲಿ ವಿಮಾನ ತಪ್ಪಿದರೆ ಹೋದದ್ದು ಕತ್ತರಿಯಷ್ಟೇ ಅಲ್ಲ.

ನಿಯಮವೆಲ್ಲ ಬರೆದಿಟ್ಟದ್ದೇ. ಟಿಕೆಟಿನ ಹಿಂದೆ, ಫೋನಿನೊಳಗೆ, ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ. ಅದನ್ನು ಚೀಲ ಕಟ್ಟಿದ ಮೇಲೆ ಓದಿ ಏನು ಪ್ರಯೋಜನ? ಟಿಕೆಟ್ ಬುಕ್ ಮಾಡಿಕೊಡುವ ಅಂಗಡಿಗಳು ಕನ್ನಡದಲ್ಲಿ ಒಂದು ಹಾಳೆ ಅಚ್ಚು ಮಾಡಿಸಿ ಟಿಕೆಟಿನ ಜೊತೆ ಕೊಡಲಿ, ಖರ್ಚೇನೂ ದೊಡ್ಡದಲ್ಲ. ನಿಲ್ದಾಣ ನಡೆಸುವ ಸರ್ಕಾರ ಅದೇ ಪಟ್ಟಿಯನ್ನು ಬಸ್ ಸ್ಟ್ಯಾಂಡಿನಲ್ಲಿ ದೊಡ್ಡಕ್ಷರದ ಬೋರ್ಡು ಮಾಡಲಿ. ಕೊಬ್ಬರಿ ಮಾರುವ ಸಾಹುಕಾರರೂ ಗಿರಾಕಿಯನ್ನು ಒಂದು ಮಾತು ಕೇಳಲಿ: ‘ಬಸ್ಸಿಗೋ, ವಿಮಾನಕ್ಕೋ?’